ಮೂರು ತಿಂಗಳ ಗುಟ್ಟು

ಮೊಡವೆಗೆ ಕೊಡುವ ಆ ಮಾತ್ರೆ ವಿಟಮಿನ್ ‘ಎ’ ಬಳಗದ್ದು. ಗರ್ಭಿಣಿ ನುಂಗಿದರೆ, ಮೊದಲ ವಾರಗಳಲ್ಲೇ ರೂಪುಗೊಳ್ಳುವ ಮಗುವಿನ ಹೃದಯ ಕೆಡಬಹುದು. ಇದನ್ನು ಬಂದವರಿಗೆಲ್ಲ ಹೇಳಿ ಹೇಳಿ ಸೋತಿದ್ದ ಚರ್ಮದ ಡಾಕ್ಟರು ಈಗೀಗ, “ವಿಶೇಷ ಏನಾದ್ರೂ ಇದೆಯೇನಮ್ಮಾ?” ಎಂದಷ್ಟೇ ಕೇಳುತ್ತಿದ್ದರು. ಮೊಡವೆಗೆಂದು ತಿಂಗಳಿಗೊಮ್ಮೆ ಅತ್ತೆಯೊಂದಿಗೆ ಬರುತ್ತಿದ್ದ ಈ ಹೊಸ ಸೊಸೆ ಪ್ರತಿ ಸಲವೂ ಪಕ್ಕದಲ್ಲಿದ್ದ ಅತ್ತೆಯ ಮುಖ ನೋಡಿ, ಇಲ್ಲವೆಂದು ತಲೆಯಾಡಿಸುತ್ತಿದ್ದಳು.

ಇವತ್ತು ಅತ್ತೆಯೇ ಪೇಡೆಯ ಡಬ್ಬಿ ಮುಂದಿಟ್ಟರು. “ಬಾಯಿ ಸಿಹಿ ಮಾಡ್ಕೊಳ್ಳಿ ಡಾಕ್ಟ್ರೇ. ಸೊಸೆಗೆ ಮೂರು ತಿಂಗಳು ತುಂಬ್ತು.”

ಡಾಕ್ಟರು ಕನ್ನಡಕ ತೆಗೆದರು. “ಹೋದ ತಿಂಗಳೂ ಕೇಳಿದ್ನಲ್ಲಮ್ಮಾ?”

“ಮೂರು ತುಂಬೋವರೆಗೂ ಯಾರ ಹತ್ರಾನೂ ಬಾಯಿ ಬಿಡಬಾರದಲ್ವಾ?” ಎಂದರು ಅತ್ತೆ.

ಡಾಕ್ಟರು ಸೊಸೆಯತ್ತ ತಿರುಗಿದರು. “ಮಾತ್ರೆ?”

ಅವಳು ನಾಚುತ್ತ ನಕ್ಕಳು. “ನೀವು ಹೇಳಿದ ಹಾಗೇ ಡಾಕ್ಟ್ರೇ, ಒಂದು ದಿನಾನೂ ತಪ್ಪಿಸಿಲ್ಲ.”