ಗಡಸು ನೀರು

ಮತ್ತೆರಡು ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ವೆಂಕಟಪ್ಪ ಅವನ್ನು ಬಲೆಯಲ್ಲಿ ಎತ್ತಿ ನೆಲಕ್ಕೆ ಹಾಕಿದ. ಕೊಳದ ನೀರನ್ನು ಸಣ್ಣ ಗಾಜಿನ ನಳಿಕೆಗೆ ತುಂಬಿ ಔಷಧದ ಹನಿ ಬಿಟ್ಟ. ಹಸಿರಾಗಬೇಕಾದ ನೀರು ಹಳದಿಯಾಯಿತು. ಪಿಎಚ್ ಇಳಿದಿದೆ, ನೀರು ಹುಳಿಯಾಗಿದೆ.

"ಇವು ತಾವಾಗೇ ಸತ್ತಿದ್ದಲ್ಲ ಕಣೇ. ಯಾರೋ ಸಾಯಿಸ್ತಾವ್ರೆ," ಎಂದ.

ಹೆಂಡತಿ ಅಂಜನಮ್ಮ ಹಿತ್ತಿಲ ಬಾಗಿಲಲ್ಲೇ ನಿಂತಿದ್ದಳು. "ಮೀನಿನ ಮೇಲೆ ಯಾರಿಗ್ರೀ ದ್ವೇಷ?"

"ಮೀನಿನ ಮೇಲಲ್ಲ. ನನ್ನ ಮೇಲೆ."

ಲಗ್ಗೆರೆಯಲ್ಲಿ ವೆಂಕಟಪ್ಪನದು ಹಳೇ ಮನೆತನ. ಮುಂದೆ ಮನೆ, ಹಿಂದೆ ಸಾಲು ಬಾಡಿಗೆ ರೂಮು, ಎರಡರ ನಡುವೆ ಈ ಸಣ್ಣ ಕೊಳ. ದಿನವೆಲ್ಲ ಬಾಡಿಗೆದಾರರ ರಗಳೆ ಕೇಳಿ ತಲೆ ಕೆಟ್ಟವನಿಗೆ ಹಿತವೆನಿಸುತ್ತಿದ್ದ ಜಾಗ ಇದೊಂದೇ. ಕಾಲಸಪ್ಪಳ ಕೇಳಿದರೆ ಸಾಕು, ಮೀನುಗಳು ಬಾಯಿ ತೆರೆದುಕೊಂಡು ದಡಕ್ಕೆ ಬರುತ್ತಿದ್ದವು. ಹೆತ್ತ ಮಕ್ಕಳು ಹಾಗೆ ಓಡಿಬಂದದ್ದು ಅವನಿಗೆ ನೆನಪಿರಲಿಲ್ಲ.

ಅವುಗಳಿಗೆ ನಡೆಯುತ್ತಿದ್ದದ್ದು ಬಾಣಂತಿಯ ಆರೈಕೆ. ಬೋರಿನ ನೀರು ಕೊಳದ ಹತ್ತಿರ ಸುಳಿಯುವಂತಿರಲಿಲ್ಲ. ಕಾವೇರಿ ನೀರನ್ನೂ ಕ್ಲೋರಿನ್ ಹೋಗಲೆಂದು ತೊಟ್ಟಿಯಲ್ಲಿ ನಿಲ್ಲಿಸಿ, ಹನಿ ಹಾಕಿ ನೋಡಿ, ಆಮೇಲೇ ಬಿಡುವುದು. ಹುಳಿಯಾದರೆ ಅಡುಗೆ ಸೋಡಾ ಕರಗಿಸಿ ಹಾಕುವುದು, ಗಡಸುತನ ತೀರಾ ಇಳಿದರೆ ಕಪ್ಪೆಚಿಪ್ಪಿನ ಚೀಲ ಇಳಿಬಿಡುವುದು. ಸೋಸಿದ ನೀರು ಫಿಲ್ಟರಿನ ಕೊಳವೆಯಿಂದ ಕನ್ನಡಿಯ ಹಾಗೆ ಇಳಿಯುತ್ತಿತ್ತು. ಕಾವೇರಿ ನೀರು ಕಡಿಮೆ ಬಂದ ದಿನ ಮನೆಯವರ ಸ್ನಾನ ನಿಲ್ಲುತ್ತಿತ್ತೇ ಹೊರತು ಕೊಳಕ್ಕೆ ಬಿಡುವುದು ನಿಲ್ಲುತ್ತಿರಲಿಲ್ಲ.

ಮೊದಲು ಅವನು ಬೇಸಿಗೆಯ ಅಡ್ಡಮಳೆಯನ್ನೇ ಅನುಮಾನಿಸಿದ್ದ. ಆದರೆ ಮಳೆನೀರು ಸೇರಿದ್ದರೆ ಗಡಸುತನ ಇಳಿಯಬೇಕಿತ್ತು. ಅದು ಏರಿತ್ತು. ಹುಳಿಯೂ ಹೆಚ್ಚಿ ಗಡಸೂ ಹೆಚ್ಚಬೇಕೆಂದರೆ ವೆಂಕಟಪ್ಪನಿಗೆ ಹೊಳೆದದ್ದು ಒಂದೇ ದಾರಿ: ಯಾರೋ ಆಸಿಡ್ ಸುರಿದಿದ್ದಾರೆ, ಅದು ಕೊಳದ ಸಿಮೆಂಟನ್ನು ತಿಂದು ಸುಣ್ಣ ಕರಗಿಸುತ್ತಿದೆ. ನೀರಿನ ಮಟ್ಟವನ್ನೂ ನೋಡಿದ. ಅಂಥ ಬಿಸಿಲಲ್ಲೂ ಅಂಚಿಗೆ ಸರಿಯಾಗಿ ನಿಂತಿತ್ತು, ಅದರ ಬಗ್ಗೆ ಚಿಂತೆಯಿರಲಿಲ್ಲ.

ಆಸಿಡ್ ಎಂದರೆ ಯಮನೂರ. ಕೊನೇ ರೂಮಿನ ಬಾಡಿಗೆದಾರ, ಕೊಪ್ಪಳದ ಕಡೆಯವನು. ಪಕ್ಕದ ಪೀಣ್ಯದಲ್ಲಿ, ಕೊಳೆನೀರನ್ನು ನೆಲಕ್ಕೇ ಇಂಗಿಸುವ, ಲೋಹಕ್ಕೆ ಮೆರುಗು ಕೊಡುವ ಕಾರ್ಖಾನೆಯಲ್ಲಿ ಆಸಿಡ್ ತೊಟ್ಟಿಯ ಮುಂದೆಯೇ ಅವನ ಕೆಲಸ. ಕೆಲವು ವಾರಗಳ ಹಿಂದೆ ತಕರಾರು ಹೊತ್ತು ಬಂದಿದ್ದ. "ಕೂಸಿಗೆ ಮೈಯಾಗ ನೆಟ್ಟಗಿಲ್ರೀ ಅಣ್ಣಾರ, ಅದಕ್ಕ ಸ್ವಲ್ಪ..." ಎನ್ನುವಷ್ಟರಲ್ಲಿ ವೆಂಕಟಪ್ಪ, "ಇಷ್ಟ ಇದ್ರೆ ಇರು, ಇಲ್ದಿದ್ರೆ ಖಾಲಿ ಮಾಡ್ಕೊಂಡು ಹೋಗಯ್ಯ," ಎಂದು ಬಾಗಿಲು ಹಾಕಿದ್ದ. ಮೀನು ಸಾಯಲು ಶುರುವಾದದ್ದು ಅದಾದ ಮೇಲೆ.

"ಅವತ್ತು ಅವನು ಏನು ಕೇಳಕ್ಕೆ ಬಂದಿದ್ದ, ಪೂರ್ತಿ ಕೇಳಿಸ್ಕೊಂಡ್ರಾ?" ಎಂದಳು ಅಂಜನಮ್ಮ.

"ಬಾಡಿಗೆದಾರರು ಇನ್ನೇನು ಕೇಳ್ತಾರೆ, ಬಾಡಿಗೆ ಇಳಿಸು ಅಂತಾರೆ."

ಭಾನುವಾರ ಗಂಡಹೆಂಡತಿ ಮದುವೆಗೆಂದು ಸಿಂಗರಿಸಿಕೊಂಡು, ಎಲ್ಲರಿಗೂ ಕೇಳುವಂತೆ ಗೇಟು ಎಳೆದುಕೊಂಡು ಹೊರಟರು. ಹೆಂಡತಿಯನ್ನು ಆಟೋ ಹತ್ತಿಸಿ ವೆಂಕಟಪ್ಪ ಹಿಂದಿನ ಸಂದಿಯಿಂದ ವಾಪಸು ಬಂದ. ಗೋಡೆಯ ಮರೆಯಲ್ಲಿ ಮೈಯೆಲ್ಲ ಕಣ್ಣಾಗಿ ನಿಂತ.

ಬಂದದ್ದು ಯಮನೂರನಲ್ಲ. ಅವನ ಹೆಂಡತಿ ದುರ್ಗವ್ವ. ಒಂದು ಕೊಡ ಆಗಲೇ ದಡದಲ್ಲಿತ್ತು, ಮೇಲೆ ಬಟ್ಟೆ ಮುಚ್ಚಿತ್ತು. ಇನ್ನೊಂದನ್ನು ಅವಳು ಅತ್ತಿತ್ತ ನೋಡುತ್ತ, ಸಪ್ಪಳವಾಗದಂತೆ ಕೊಳಕ್ಕೆ ಬಗ್ಗಿಸುತ್ತಿದ್ದಳು.

ವೆಂಕಟಪ್ಪನ ಪಿತ್ತ ನೆತ್ತಿಗೇರಿತು. ನುಗ್ಗಿ ಕೊಡ ಕಿತ್ತುಕೊಂಡ. ಅವನ ಕೂಗಿಗೆ ಸಾಲು ರೂಮಿನ ಬಾಗಿಲುಗಳೆಲ್ಲ ತೆರೆದವು. ಯಮನೂರ ಬನಿಯನ್ನಿನಲ್ಲೇ ಓಡಿಬಂದ.

"ಎಲ್ರೂ ನೋಡ್ರಪ್ಪ. ಆಮೇಲೆ ಓನರ್ ಸುಳ್ಳು ಹೇಳ್ದ ಅನ್ಬೇಡಿ."

ಕೊಡದ ತಳದಲ್ಲಿ ಉಳಿದದ್ದನ್ನು ನಳಿಕೆಗೆ ಸುರಿದು ಹನಿ ಬಿಟ್ಟ. ಅರಿಶಿನ ಕದಡಿದ ಹಾಗೆ ಹಳದಿ. ಗಡಸುತನ ಅಳೆಯುವ ಹನಿ ಒಂದಾದ ಮೇಲೊಂದು ಬಿಟ್ಟರೂ ಬಣ್ಣ ತಿರುಗಲಿಲ್ಲ, ಅಷ್ಟು ಗಡಸು. ಇಷ್ಟು ಕೆಟ್ಟ ನೀರನ್ನು ಅವನು ಜನ್ಮದಲ್ಲೇ ನೋಡಿರಲಿಲ್ಲ. ಸಿಟ್ಟಿನ ನಡುವೆಯೂ ಅವನಿಗೆ ಒಳಗೊಳಗೇ ಖುಷಿಯಾಯಿತು. ತನ್ನ ಲೆಕ್ಕ ಎಳ್ಳಷ್ಟೂ ತಪ್ಪಿರಲಿಲ್ಲ.

ಬಟ್ಟೆ ಮುಚ್ಚಿದ ಕೊಡವನ್ನೂ ಪರೀಕ್ಷಿಸಿದ. ಹಸಿರು. ಅಚ್ಚ ಹಸಿರು. ಅದು ಬೆಳಿಗ್ಗೆ ಸೋಡಾ ಹಾಕಿ ಸರಿಮಾಡಿದ್ದ ಅವನದೇ ಕೊಳದ ನೀರು.

"ವಿಷ ಹಾಕೋದಲ್ದೆ ಕಳ್ಳತನ ಬೇರೆ," ಎಂದ. "ಇವತ್ತೇ ಗಂಟುಮೂಟೆ ಕಟ್ಟಿ. ಪೊಲೀಸರ್ನ ಕರೆಸ್ತೀನಿ, ಅಲ್ಲಿವರೆಗೆ ಇಬ್ರೂ ಇಲ್ಲೇ ನಿಂತಿರ್ಬೇಕು."

ಯಮನೂರ ತಲೆ ತಗ್ಗಿಸಿದ. "ಆಕಿಗೆ ಏನೂ ಅನ್ಬ್ಯಾಡ್ರೀ ಅಣ್ಣಾರ. ನಾನ ಹಾಕು ಅಂದಿದ್ದೆ."

ತಪ್ಪೊಪ್ಪಿಗೆ ಇಷ್ಟು ಸಲೀಸಾಗಿ ಸಿಕ್ಕೀತೆಂದು ವೆಂಕಟಪ್ಪ ಎಣಿಸಿರಲಿಲ್ಲ. ದನಿ ಇನ್ನೂ ಏರಿತು.

"ನಿಂಗೂ ಮನೇಲಿ ಒಂದು ಕೂಸೈತಲ್ಲಮ್ಮ. ಬಾಯಿಲ್ಲದ ಜೀವಕ್ಕೆ ಇಂಥ ನೀರು ಕುಡಿಸೋಕೆ ಕೈಯಾದ್ರೂ ಹೆಂಗೆ ಬಂತು? ಏನು ಬೆರ್ಸಿದ್ದೆ ಇದ್ರಲ್ಲಿ? ಹೇಳು, ಎಲ್ರ ಮುಂದೇನೇ ಹೇಳು."

ದುರ್ಗವ್ವ ಬಟ್ಟೆ ಮುಚ್ಚಿದ್ದ ಕೊಡವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು.

"ಏನೂ ಬೆರ್ಸಿಲ್ರೀ ಅಣ್ಣಾರ. ಕೂಸಿಗೆ ಕಾಸಿ ಕುಡಿಸಾಕ ನಿಮ್ಮ ಮೀನಿನ ನೀರು ಒಂದೊಂದು ಕೊಡ ಒಯ್ತಿದ್ನಿ, ಕಡಿಮಿ ಆಗಿದ್ದು ಕಾಣಬಾರ್ದಂತ ಅಷ್ಟ ನೀರು ತಂದು ಹಾಕ್ತಿದ್ನಿ, ನಮ್ಮ ರೂಮಿನ ನಳಕ್ಕ ನೀವು ಬಿಡೋ ಬೋರಿನ ನೀರು."