ಕ್ಲಚ್ ಮೇಲಿನ ಕಾಲು

ಈ ವರ್ಷ ಎರಡನೇ ಸಲ ಕ್ಲಚ್ ಪ್ಲೇಟು ಸುಟ್ಟು ಸವೆದಿತ್ತು. ಹೊಸದನ್ನು ಹಾಕಿದ ಮೆಕ್ಯಾನಿಕ್ ಗೋಪಿ, ಕಾರಣ ತಿಳಿಯಲೆಂದು ಮುನಿಸ್ವಾಮಪ್ಪನ ಪಕ್ಕದಲ್ಲೇ ಕೂತು ಕ್ಯಾಸಂಬಳ್ಳಿ ರಸ್ತೆಗೆ ಹೊರಟ. ಮದುವೆಗಳಿಗೆ ಬಾಡಿಗೆ ಹೋಗುವ ಆ ಹಳೆಯ ಅಂಬಾಸಿಡರಿನ ಸ್ಟೀರಿಂಗನ್ನು ಮುನಿಸ್ವಾಮಪ್ಪ ಇದುವರೆಗೆ ಇನ್ನೊಬ್ಬರಿಗೆ ಕೊಟ್ಟವನಲ್ಲ.

“ಮಾವ, ಗೇರು ಬಿತ್ತಲ್ಲ, ಕ್ಲಚ್ ಮೇಲಿಂದ ಕಾಲು ತೆಗಿ. ಪ್ಲೇಟು ಸುಡೋದೇ ಅದ್ಕೆ.”

“ಆಗ್ಲೇ ತೆಗ್ದಿದೀನಿ ಕಣ್ಲಾ.”

ಕಾಲು ಪೆಡಲ್ ಮೇಲೇ ಇತ್ತು. ಗೋಪಿ ಗಾಡಿ ನಿಲ್ಲಿಸಲು ಹೇಳಿದ. ಇಳಿದು ಆ ಕಡೆ ಬಂದು, ಬಾಗಿಲು ತೆಗೆದು, ಮುನಿಸ್ವಾಮಪ್ಪನ ಎಡಗಾಲಿನ ಚಪ್ಪಲಿ ಬಿಚ್ಚಿದ. ಅಂಗಾಲಿಗೆ ಹೆಬ್ಬೆರಳು ಊರಿ ಬಲವಾಗಿ ಒತ್ತಿದ.

“ನೋಯ್ತದಾ ಮಾವ?”

ಮುನಿಸ್ವಾಮಪ್ಪ ಎದುರಿನ ರಸ್ತೆಯನ್ನೇ ನೋಡುತ್ತಿದ್ದ.

“ನೀನು ಮೊದ್ಲು ಒತ್ತು. ಆಮ್ಯಾಕೆ ಕೇಳು.”