ಬಿಳಿ ಮಾತ್ರೆ

ಗಂಡನ ತೋಳಿಗೆ ಸುತ್ತಿದ್ದ ಬಿ.ಪಿ. ಪಟ್ಟಿಯನ್ನು ಬಿಚ್ಚುತ್ತಾ ಡಾಕ್ಟರು ಚೌಡಮ್ಮನ ಕಡೆ ತಿರುಗಿದರು.

“ಒಂಚೂರೂ ಇಳಿದಿಲ್ಲವಲ್ಲಮ್ಮ. ಮೂರೂ ಮಾತ್ರೆ ದಿನಾ ಕೊಡ್ತಿದ್ದೀರಾ?”

“ಕೊಡ್ತಾ ಇವ್ನಿ ಸಾ,” ಎಂದಳು ಅವಳು, ನೆಲ ನೋಡುತ್ತಾ.

ಕೊಡುತ್ತಿದ್ದದ್ದು ಎರಡೇ. ಯುಗಾದಿ ಕಳೆದು ಒಂದು ವಾರಕ್ಕೆ ಅವಳೇ ತಲೆ ಸುತ್ತಿ ಒಲೆ ಮುಂದೆ ಕುಸಿದಾಗ, ಆಶಾ ಕಾರ್ಯಕರ್ತೆ ಬಂದು ನೋಡಿ ‘ನಿಮಗೂ ಬಿ.ಪಿ. ಇದೆ’ ಎಂದಿದ್ದಳು. ಮನೆಯಲ್ಲಿ ಒಬ್ಬರ ಕಾಯಿಲೆಯೇ ಸಾಕಾಗಿತ್ತು. ಚೌಡಮ್ಮ ಬಾಯಿ ಬಿಡಲಿಲ್ಲ. ಗಂಡನ ಬಿ.ಪಿ.ಯ ಬಿಳಿ ಮಾತ್ರೆಯನ್ನು ಅವತ್ತೊಂದು ದಿನ ತಾನು ನುಂಗಿದಳು. ತಲೆ ಸುತ್ತುವುದು ನಿಂತಿತು. ಆಮೇಲೆ ಬಿಡುವುದಕ್ಕಾಗಲಿಲ್ಲ. ಕೈಗೆ ಕೊಟ್ಟಿದ್ದನ್ನು ನೋಡದೆ ಬಾಯಿಗೆ ಹಾಕಿಕೊಳ್ಳುವ ಗಂಡ ಒಂದು ದಿನವೂ ಕೇಳಲಿಲ್ಲ.

ಡಾಕ್ಟರು ಹೊಸ ಚೀಟಿ ಬರೆದರು. “ಇನ್ಮೇಲೆ ಆ ಮೂರೂ ಸೇರಿ ಒಂದೇ ಮಾತ್ರೆ. ಯಾವುದೂ ತಪ್ಪಿಹೋಗೋ ಮಾತೇ ಇಲ್ಲ.”

ಕದ್ದು ಸಿಕ್ಕಿಬಿದ್ದವಳಂತೆ ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು.

ಮರುದಿನ ಬೆಳಗ್ಗೆ ತಿಂಡಿಯಾದ ಮೇಲೆ ಆ ದಪ್ಪ ಮಾತ್ರೆಯನ್ನು ಗಂಡನ ಅಂಗೈಗಿಟ್ಟು, ನೀರಿನ ಲೋಟ ಹಿಡಿದು, ಮುಖ ತಿರುಗಿಸಿ ನಿಂತಳು. ಅವನು ನುಂಗಲಿಲ್ಲ. ತಿರುಗಿಸಿ ತಿರುಗಿಸಿ ನೋಡಿ, ಹಲ್ಲಿನಿಂದ ಕಡಿದು ಎರಡು ಹೋಳು ಮಾಡಿದ. ಒಂದನ್ನು ಅವಳತ್ತ ಚಾಚಿದ.

“ನಿನ್ ಬಿಳೀದು ಇದ್ರಲ್ಲಿ ಯಾವ ಕಡೆ ಐತೋ ಕಾಣೆ. ತಗೋ, ಅರ್ಧ ನೀನು ನುಂಗು.”